ಅಗಲಿದವರ ಆಸ್ತಿ, ಉಳಿದವರ ಲೆಕ್ಕ

ಹಿರಿಯರು ಲಿಂಗೈಕ್ಯರಾದ ಮನೆಯಲ್ಲಿ ದುಃಖದ ದಿನಗಳು ಕಳೆಯುತ್ತ ಬಂದಂತೆ ಮತ್ತೊಂದು ಭಾರ ಮೆಲ್ಲನೆ ಬಂದು ಕೂಡುತ್ತದೆ. ಅದು ಅವರು ಬಿಟ್ಟುಹೋದ ಮನೆ, ಹೊಲ, ಠೇವಣಿ, ಸಾಲಗಳ ವಿಲೇವಾರಿಯ ಭಾರ. ಆಸ್ತಿ ಹಂಚಿಕೆಯಿಂದ ಒಡೆದ ಮನೆಗಳನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಹಂಚಿಕೆಗಿಂತ ಮುಂಚೆಯೇ, ಖರ್ಚಿನ ಮಾತಿನಲ್ಲಿ ಒಡೆದ ಮನಸ್ಸುಗಳು ಅದಕ್ಕಿಂತ ಹೆಚ್ಚೆಂಬುದು ನಮ್ಮ ಅನುಭವ. ಆಸ್ಪತ್ರೆಗೆ ಯಾರು ಕೊಟ್ಟರು, ಅಂತ್ಯಕ್ರಿಯೆಗೆ ಎಷ್ಟಾಯಿತು, ಅದನ್ನು ಯಾರು ಭರಿಸಬೇಕು ಎಂಬ ಪ್ರಶ್ನೆಗಳನ್ನು ಬಾಯಿ ಬಿಟ್ಟು ಕೇಳಲು ಎಲ್ಲರಿಗೂ ಸಂಕೋಚ. ಮನಸ್ಸಿನಲ್ಲಿ ಮಾತ್ರ ಎಲ್ಲರೂ ಲೆಕ್ಕ ಹಾಕುತ್ತಲೇ ಇರುತ್ತಾರೆ.

2018ರಲ್ಲಿ ನಮ್ಮ ಚಿಕ್ಕಪ್ಪನವರು ತಮ್ಮ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಅವರು ಧಾರವಾಡ ಜಿಲ್ಲೆಯ ಒಂದು ಹಳ್ಳಿಯಲ್ಲಿ ನೆಲೆಸಿದ್ದ ನಿವೃತ್ತ ಶಿಕ್ಷಕರು. ಬರೆದಿಟ್ಟ ಮೃತ್ಯುಪತ್ರದಲ್ಲಿ ಅದರ ನಿರ್ವಾಹಕರೆಂದು ನಮ್ಮ ಹೆಸರನ್ನು ಸೂಚಿಸಿದ್ದರು. ಮಠದ ಪ್ರಸಾದ ನಿಲಯದಲ್ಲಿ ಬೆಳೆದು, ಶಾಸ್ತ್ರಗ್ರಂಥಗಳ ನಡುವೆ ಆಯುಷ್ಯ ಕಳೆದ ನಮಗೆ ಪಾಸ್‌ಬುಕ್ಕು, ಪಹಣಿಗಳ ಲೋಕ ಅಷ್ಟಾಗಿ ಪರಿಚಿತವಲ್ಲ. ಆದರೂ ಹಿರಿಯರ ಮಾತನ್ನು ಮೀರಲಾಗದೆ ಹೊಣೆ ಹೊತ್ತೆವು. ಹಿರಿಯ ಮಗ ಪುಣೆಯಲ್ಲಿ ನೌಕರಿಯಲ್ಲಿದ್ದನು. ಕಿರಿಯ ಮಗ ಊರಲ್ಲೇ ಇದ್ದು ಹೊಲಮನೆ ನೋಡಿಕೊಳ್ಳುತ್ತಿದ್ದನು. ಮಗಳನ್ನು ಬೆಳಗಾವಿಗೆ ಕೊಟ್ಟಿತ್ತು. ಮೂವರಿಗೂ ಸಮಪಾಲು, ಊರಿನ ಶಾಲೆಗೆ 25,000 ರೂಪಾಯಿ: ಇಷ್ಟೇ ಮೃತ್ಯುಪತ್ರದ ಸಾರ.

ಗೊಂದಲ ಹುಟ್ಟಿದ್ದು ಪಾಸ್‌ಬುಕ್ಕಿನಿಂದ. ಚಿಕ್ಕಪ್ಪನವರು ತೀರಿದ ಮರುದಿನ ಮತ್ತು ಅದರ ಮರುದಿನ 20,000ದಂತೆ ಒಟ್ಟು 40,000 ರೂಪಾಯಿಯನ್ನು ಎಟಿಎಂನಿಂದ ತೆಗೆದದ್ದು ಅದರಲ್ಲಿ ನಮೂದಾಗಿತ್ತು. ಹಿರಿಯ ಮಗ ಅದನ್ನು ನೋಡಿ ಮಾತನಾಡಲಿಲ್ಲ. ಮಾತನಾಡದಿದ್ದುದೇ ಹೆಚ್ಚು ನೋವಿನದಾಯಿತು. ಕಿರಿಯನೋ, ತಂದೆಯ ಕೊನೆಯ ತಿಂಗಳ ಆಸ್ಪತ್ರೆಯ ಖರ್ಚನ್ನೂ ಅಂತ್ಯಕ್ರಿಯೆಯ ಖರ್ಚನ್ನೂ ಬಹುಪಾಲು ಕೈಸಾಲ ಮಾಡಿ ನಿಭಾಯಿಸಿದ್ದನು. ಆ ಲೆಕ್ಕ ಕೊಡು ಎಂದು ನಾವು ಕೇಳಿದಾಗ ಅವನ ಕಣ್ಣಲ್ಲಿ ನೀರು ಬಂತು. "ಅಣ್ಣಾರ, ಅಪ್ಪಗ ಮಾಡಿದ್ದನ್ನ ಲೆಕ್ಕಾ ಹಾಕಿ ತಗೋಬೇಕೇನ್ರಿ?" ಎಂದನು. ಒಬ್ಬನಿಗೆ ಸಂಶಯ, ಇನ್ನೊಬ್ಬನಿಗೆ ಅಭಿಮಾನ. ಇವೆರಡರ ನಡುವೆ ಒಡಹುಟ್ಟಿದವರ ಸಂಬಂಧ ಹರಿದುಹೋಗುವುದರಲ್ಲಿತ್ತು.

ಆಗ ಪರಿಚಿತ ವಕೀಲರೊಬ್ಬರ ನೆರವಿನಿಂದ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮವನ್ನು ಓದಿ ತಿಳಿದುಕೊಂಡೆವು. ಮೃತರ ಆಸ್ತಿಯಿಂದ ಯಾವುದನ್ನು ಮೊದಲು, ಯಾವುದನ್ನು ಅನಂತರ ಕೊಡಬೇಕೆಂಬ ಕ್ರಮ ಅಲ್ಲಿ ಸ್ಪಷ್ಟವಾಗಿದೆ. 320ನೆಯ ಕಲಮಿನ ಪ್ರಕಾರ ಮೃತರ ಅಂತಸ್ತಿಗೆ ತಕ್ಕ ಹಿತಮಿತವಾದ ಅಂತ್ಯಕ್ರಿಯೆಯ ವೆಚ್ಚ, ವೈದ್ಯರ ಶುಲ್ಕವೂ ಸೇರಿದ ಮರಣಶಯ್ಯೆಯ ಖರ್ಚು, ಮರಣಕ್ಕೆ ಮುಂಚಿನ ಒಂದು ತಿಂಗಳ ಊಟ ವಸತಿ, ಇವು ಎಲ್ಲ ಸಾಲಗಳಿಗಿಂತ ಮುಂದೆ ನಿಲ್ಲುತ್ತವೆ. ಪ್ರೊಬೇಟ್ ಅಥವಾ ಆಡಳಿತ ಪತ್ರ ಪಡೆಯಲು ಮತ್ತು ಆಸ್ತಿಯ ಆಡಳಿತಕ್ಕೆ ಅವಶ್ಯವಾದ ನ್ಯಾಯಾಲಯದ ಕೆಲಸಕ್ಕೆ ತಗಲಿದ ವೆಚ್ಚ ಎರಡನೆಯದು. ಮೂರನೆಯದನ್ನು ಓದಿದಾಗ ನಮಗೆ ಆ ಕಾನೂನಿನ ಮೇಲೆ ಗೌರವ ಮೂಡಿತು: ಮರಣಕ್ಕೆ ಮುಂಚಿನ ಮೂರು ತಿಂಗಳಲ್ಲಿ ಮೃತರಿಗಾಗಿ ದುಡಿದ ಕೂಲಿಕಾರರ, ಕುಶಲಕರ್ಮಿಗಳ, ಮನೆಗೆಲಸದವರ ಬಾಕಿ ವೇತನ. ಇವೆಲ್ಲ ತೀರಿದ ಮೇಲೆ ಉಳಿದ ಸಾಲಗಳು. ಸಾಲ ತೀರಿದ ಬಳಿಕವೇ ಮೃತ್ಯುಪತ್ರದಲ್ಲಿ ಬರೆದ ಕೊಡುಗೆಗಳು ಮತ್ತು ವಾರಸುದಾರರ ಪಾಲು.

ಕಿರಿಯನಿಗೆ ನಾವು ಹೇಳಿದ್ದು ಇಷ್ಟೆ: "ತಂದೆಯ ಸೇವೆಗೆ ಬೆಲೆ ಕಟ್ಟೆಂದು ನಾವು ಕೇಳುತ್ತಿಲ್ಲ. ನಿನ್ನ ಸೇವೆ ನಿನ್ನದು, ಅದನ್ನು ಯಾರೂ ಹಂಚಿಕೊಳ್ಳಲಾರರು. ಆದರೆ ಔಷಧಿಯಂಗಡಿಗೆ ಕೊಟ್ಟ ಹಣ ನಿಮ್ಮ ತಂದೆಯ ಖರ್ಚು. ಅವರ ಹಣವಿರುವಾಗ ಅದನ್ನು ನೀನೊಬ್ಬನೇ ಹೊತ್ತರೆ, ನಿನ್ನ ಅಣ್ಣನೂ ತಂಗಿಯೂ ತಮಗೆ ಅರಿವಿಲ್ಲದೆ ನಿನಗೆ ಋಣಿಗಳಾಗುತ್ತಾರೆ. ಹೇಳದ ಋಣ ಮುಂದೆಂದಾದರೂ ಮುನಿಸಾಗಿ ಹೊರಬೀಳುತ್ತದೆ."

ಅದೃಷ್ಟಕ್ಕೆ, ಬಾಣಂತನದ ಖರ್ಚನ್ನೂ ಬರೆದಿಡುವ ರೂಢಿಯ ಆ ಮನೆಯ ಸೊಸೆ ಒಂದು ನೋಟುಬುಕ್ಕಿನಲ್ಲಿ ಎಲ್ಲವನ್ನೂ ಬರೆದಿಟ್ಟು, ರಸೀದಿಗಳನ್ನು ದಾರದಿಂದ ಪೋಣಿಸಿದ್ದಳು. ಕೊನೆಯ ತಿಂಗಳ ಆಸ್ಪತ್ರೆ ಮತ್ತು ಔಷಧ 96,400 ರೂಪಾಯಿ. ವಿಮಾನ ಕಟ್ಟಿಸಿದ್ದು, ಸಮಾಧಿ ತೋಡಿಸಿದ್ದು, ವಿಭೂತಿ, ಬಿಲ್ವಪತ್ರೆ, ಹೂವು, ಭಜನೆಯವರ ಸಂಭಾವನೆ ಎಲ್ಲ ಕೂಡಿ 31,250. ಒಟ್ಟು 1,27,650. ಎಟಿಎಂನಿಂದ ತೆಗೆದ 40,000 ಈ ಖರ್ಚಿಗೇ ಹೋಗಿತ್ತೆಂಬುದು ತಾರೀಖಿನ ಸಮೇತ ಅಲ್ಲಿತ್ತು. ಅದನ್ನು ಕಳೆದು ಕಿರಿಯನಿಗೆ ಸಲ್ಲಬೇಕಾದದ್ದು 87,650. ನೋಟುಬುಕ್ಕನ್ನು ಓದಿ ಮುಗಿಸಿದ ಹಿರಿಯನು ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ತಾನೇ ತಮ್ಮನ ಹೆಸರಿನ ಮುಂದೆ ಆ ಅಂಕಿಯನ್ನು ಬರೆದು ಸಹಿ ಹಾಕಿದನು. ಆದರೂ ಖಾತೆದಾರರು ತೀರಿದ ಮೇಲೆ ಅವರ ಕಾರ್ಡಿನಿಂದ ಹಣ ತೆಗೆಯುವ ಅಧಿಕಾರ ಮನೆಯ ಯಾರಿಗೂ ಇಲ್ಲವೆಂಬುದನ್ನು ಓದುಗ ಬಂಧುಗಳು ಮರೆಯಬಾರದು. ಉದ್ದೇಶ ಒಳ್ಳೆಯದಿದ್ದರೂ ಸಂಶಯಕ್ಕೆ ಬೀಜ ಬಿತ್ತುವುದು ಅದೇ.

ಶಿವಗಣಾರಾಧನೆಯ ಮಾತು ಬೇರೆಯಾಗಿತ್ತು. ಹಿರಿಯ ಮಗನ ಇಚ್ಛೆಯಂತೆ ಊರಿಗೆಲ್ಲ ಪ್ರಸಾದ ಮಾಡಿಸಿದ್ದರಿಂದ ಅದಕ್ಕೆ 60,000 ರೂಪಾಯಿ ತಗಲಿತ್ತು. ಅದನ್ನೂ ಕಿರಿಯನೇ ಕೊಟ್ಟಿದ್ದನು. ಆಸ್ತಿಯನ್ನು ಕಾಪಾಡುವುದಕ್ಕೆ ಅವಶ್ಯವಾದ ವೆಚ್ಚವನ್ನು ನಿರ್ವಾಹಕರು ಮಾಡಬಹುದು, ಆದರೆ ಧಾರ್ಮಿಕ, ದಾನಧರ್ಮದ ಕಾರ್ಯಗಳಿಗೆ ಆಸ್ತಿಯಿಂದ ವೆಚ್ಚ ಮಾಡಲು ಉಚ್ಚ ನ್ಯಾಯಾಲಯದ ಅನುಮತಿ ಬೇಕೆಂದು 308ನೆಯ ಕಲಮು ಹೇಳುತ್ತದೆ. ಆರಾಧನೆಯು ಅಂತ್ಯಕ್ರಿಯೆಯ ಭಾಗವೇ ಅಲ್ಲವೇ ಎಂಬ ವಾದಕ್ಕೆ ಎಡೆಗೊಡದೆ, ಅದನ್ನು ಆಸ್ತಿಯ ಲೆಕ್ಕದಿಂದ ಹೊರಗಿಟ್ಟೆವು. ಮಕ್ಕಳು ಮೂವರೂ ತಲಾ 20,000ದಂತೆ ಹೊತ್ತುಕೊಂಡರು. ದಾಸೋಹವೆಂಬುದು ನಮ್ಮ ಕೈಯಿಂದ ಹೋದಾಗಲೇ ದಾಸೋಹ. ಸಾಲಗಾರನಿಗೆ ಸಲ್ಲಬೇಕಾದ ಹಣದಲ್ಲಿ ಮಾಡಿದರೆ ಅದರ ಹೆಸರು ಬೇರೆ. ಅಮೃತಶಿಲೆಯ ಗದ್ದುಗೆ, ವರ್ಷದ ಪುಣ್ಯಸ್ಮರಣೆ ಇವುಗಳಿಗೂ ಇದೇ ಮಾತು ಸಲ್ಲುತ್ತದೆ.

ಚಿಕ್ಕಪ್ಪನವರನ್ನು ಕೊನೆಯವರೆಗೂ ಎತ್ತಿ ಕೂಡಿಸಿ, ಬಟ್ಟೆ ಒಗೆದು ನೋಡಿಕೊಂಡ ಹೆಣ್ಣುಮಗಳಿಗೆ ಎರಡು ತಿಂಗಳ ಸಂಬಳ 8,000 ರೂಪಾಯಿ ಬಾಕಿಯಿತ್ತು. ಆಕೆ ಕೇಳಿರಲೇ ಇಲ್ಲ. ಸಹಕಾರಿ ಸಂಘದ 1,10,000 ರೂಪಾಯಿ ಸಾಲಕ್ಕೆ ನೋಟೀಸು ಬಂದಿತ್ತು. ಆಕೆಗೆ ನೋಟೀಸು ಕಳಿಸುವ ಶಕ್ತಿ ಎಲ್ಲಿಯದು? ಕಾನೂನು ಆಕೆಯನ್ನು ಸಂಘಕ್ಕಿಂತ ಮುಂದೆ ನಿಲ್ಲಿಸಿದೆ. ಆಕೆಯ ಹಣವನ್ನು ಮೊದಲು ಕೊಟ್ಟು, ಆಮೇಲೆ ಸಂಘದ ಸಾಲ ತೀರಿಸಿ, ಬಳಿಕ ಶಾಲೆಯ ಹಣವನ್ನು ಮುಟ್ಟಿಸಿದೆವು. ಕಾಯಕದ ಮಹತ್ವವನ್ನು ವೇದಿಕೆಗಳಲ್ಲಿ ಬಣ್ಣಿಸುವ ನಾವು ಈ ಕ್ರಮವನ್ನು ಮನೆಯಲ್ಲಿ ಪಾಲಿಸದಿದ್ದರೆ ಆ ಮಾತಿಗೆ ಅರ್ಥವಿಲ್ಲ.

ನಾವು ನಮ್ಮ ಖರ್ಚನ್ನೂ ಬರೆದೆವು. ಹನ್ನೊಂದು ಸಲದ ಬಸ್ ಚಾರ್ಜು, ಮರಣ ಪ್ರಮಾಣಪತ್ರದ ಪ್ರತಿಗಳು, ಛಾಪಾ ಕಾಗದ, ವಕೀಲರ ಶುಲ್ಕ ಸೇರಿ 9,340 ರೂಪಾಯಿ. "ಮಠದಲ್ಲಿ ಬೆಳೆದವರು ಬಸ್ ಚಾರ್ಜು ಕೇಳುವುದೇ?" ಎಂದು ಬಂಧುಗಳೊಬ್ಬರು ನಕ್ಕರು. ನಾವು ಬಿಟ್ಟುಕೊಡಬಹುದಿತ್ತು. ಆದರೆ ಹೊಣೆ ಹೊತ್ತವನು ಬಿಟ್ಟುಕೊಟ್ಟರೆ, ಮುಂದೆ ಬಡವನೊಬ್ಬ ಇಂಥ ಹೊಣೆ ಹೊತ್ತಾಗ ಕೇಳಲು ನಾಚುತ್ತಾನೆ. ನಮ್ಮ ಶ್ರಮಕ್ಕೆಂದು ಮಾತ್ರ ಏನನ್ನೂ ತೆಗೆದುಕೊಳ್ಳಲಿಲ್ಲ. ಕಮಿಷನ್ನಿನ ವಿಷಯದಲ್ಲಿ ಕಾನೂನು ಮಿತಿ ಹಾಕಿದೆ. ಬಂಧುತ್ವದಲ್ಲಿ ಆ ಮಿತಿಯವರೆಗೂ ಹೋಗುವ ಅಗತ್ಯ ನಮಗೆ ಕಾಣಲಿಲ್ಲ. ಕೈಯಿಂದ ಹೋದದ್ದನ್ನು ಪಡೆಯುವುದು ಬೇರೆ, ಲಾಭ ಪಡೆಯುವುದು ಬೇರೆ.

ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ಭಂಡಾರ ಬರಿದಾಯಿತೆಂಬ ದೂರು ಬಂದು ಪರೀಕ್ಷಿಸಿದಾಗ ಲೆಕ್ಕ ಸರಿಯಾಗಿತ್ತೆಂದು ಪುರಾಣಕಾರರು ಹೇಳುತ್ತಾರೆ. ಜನರು ಆ ಕಥೆಯಲ್ಲಿ ಪವಾಡವನ್ನು ನೆನೆಯುತ್ತಾರೆ. ನಮಗೆ ಅದರಲ್ಲಿ ಕಾಣುವವನು ಲೆಕ್ಕ ತೋರಿಸಲು ಸಿದ್ಧನಿದ್ದ ಭಂಡಾರಿ.

ಇಂಥ ಹೊಣೆ ಬಂದ ಬಂಧುಗಳು ಕೆಲವು ಮಾತುಗಳನ್ನು ಗಮನಿಸಬೇಕು. ಮರಣವನ್ನು 21 ದಿನಗಳೊಳಗೆ ನೋಂದಾಯಿಸಿ, ಪ್ರಮಾಣಪತ್ರದ ಹಲವು ಪ್ರತಿಗಳನ್ನು ಪಡೆದಿಡಬೇಕು. ಮೊದಲ ದಿನದಿಂದಲೇ ಒಂದು ಪುಸ್ತಕದಲ್ಲಿ ತಾರೀಖು, ಮೊತ್ತ, ಯಾರು ಕೊಟ್ಟರು, ಯಾತಕ್ಕೆ ಎಂಬುದನ್ನು ಬರೆದು ರಸೀದಿ ಇಡಬೇಕು. ಬ್ಯಾಂಕಿನಲ್ಲಿ ನಾಮನಿರ್ದೇಶಿತರಾದವರು ಹಣವನ್ನು ವಾರಸುದಾರರ ಪರವಾಗಿ ಪಡೆಯುವವರೇ ಹೊರತು ಅದರ ಒಡೆಯರಲ್ಲವೆಂದು ತಿಳಿದಿರಬೇಕು. ಪ್ರೊಬೇಟ್ ಎಲ್ಲರಿಗೂ ಬೇಕಾಗುವುದಿಲ್ಲ, ವಕೀಲರನ್ನು ಕೇಳಬೇಕು. ಪಡೆದರೆ ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ ಒಂದು ವರ್ಷದೊಳಗೆ ಲೆಕ್ಕವನ್ನೂ ನ್ಯಾಯಾಲಯಕ್ಕೆ ಒಪ್ಪಿಸಬೇಕು. ಮೃತ್ಯುಪತ್ರವೇ ಇಲ್ಲದ ಮನೆಯಲ್ಲಿಯೂ ಮೇಲೆ ಹೇಳಿದ ಕ್ರಮವನ್ನೇ ಅನುಸರಿಸಿದರೆ ಜಗಳಕ್ಕೆ ಆಸ್ಪದ ಕಡಿಮೆ. ಹೆಣ್ಣುಮಕ್ಕಳನ್ನು ಕರೆದು ಕೂಡಿಸಿ ಲೆಕ್ಕ ಓದಬೇಕು. ಅವರೂ ಸಮಾನ ವಾರಸುದಾರರು, ಸಹಿ ಹಾಕಲು ಮಾತ್ರ ಕರೆಯಿಸಬೇಕಾದವರಲ್ಲ.

ಲೆಕ್ಕ ಕೇಳುವುದು ಅಪನಂಬಿಕೆಯೆಂದೂ, ಕೊಡುವುದು ಅವಮಾನವೆಂದೂ ತಿಳಿದಿರುವವರೆಗೆ ಮನೆಗಳು ಒಡೆಯುತ್ತಲೇ ಇರುತ್ತವೆ. ಕೇಳುವ ಮೊದಲೇ ಲೆಕ್ಕ ತೆರೆದಿಟ್ಟ ಮನೆಯಲ್ಲಿ, ಹಂಚಿಕೆ ಮುಗಿದ ಮೇಲೂ ಹಬ್ಬಕ್ಕೆ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕೂಡುತ್ತಾರೆ. ಅಗಲಿದ ಹಿರಿಯರು ಬಯಸುವ ಆಸ್ತಿ ಅದಕ್ಕಿಂತ ಬೇರೆ ಇರಲಾರದು.