ಹೊಳಪು ನೋಡಿ ಕೊಳ್ಳಬೇಡ

ಕೊಚ್ಚಿ,
ಜುಲೈ

ಪ್ರೀತಿಯ ಅಣ್ಣನಿಗೆ,

ಇಲ್ಲಿ ಟ್ರಾಲಿಂಗ್ ನಿಷೇಧ ಶುರುವಾಗುವುದು ಜೂನ್ 9ರ ನಡುರಾತ್ರಿ, ನಮ್ಮಲ್ಲಿಗಿಂತ ಎಂಟೊಂಬತ್ತು ದಿನ ತಡವಾಗಿ. ಮುಗಿಯುವುದು ಮಾತ್ರ ಜುಲೈ 31ಕ್ಕೇ. ಹಾಗಾಗಿ ತೋಪ್ಪುಂಪಡಿಯ ದಕ್ಕೆಯಲ್ಲೂ ಮಲ್ಪೆಯ ಹಾಗೇ ಬೋಟುಗಳು ಒತ್ತೊತ್ತಾಗಿ ನಿಂತಿವೆ. ಎಲ್ಲಿ ಹೋದರೂ ಗ್ರೈಂಡರಿನ ಸದ್ದು.

ನಮ್ಮ ಬೋಟಿಗೆಂದು ನೀನು ಹೇಳಿದ ಸ್ಟೀಲ್ ಸಾಮಾನು ನೋಡಲು ಮಟ್ಟಾಂಚೇರಿಗೆ ಹೋಗಿದ್ದೆ. ಅಂಗಡಿಯವರದು ಕೊಂಕಣಿ ಮನೆಮಾತು. ನನ್ನ ಅರೆಬರೆ ಕೊಂಕಣಿಯಲ್ಲೇ ಮಾತು ಸಾಗಿತು. ನಾನು ಕಿಸೆಯಿಂದ ಮ್ಯಾಗ್ನೆಟ್ ತೆಗೆದಾಗ ಅವರಿಗೆ ನಗು. 202, 304, 316 ಮೂರೂ ಗ್ರೇಡಿನ ಸ್ಟೀಲ್ ತಗಡು ತಂದು ಮುಂದಿಟ್ಟರು. ಯಾವುದಕ್ಕೂ ಮ್ಯಾಗ್ನೆಟ್ ಕಚ್ಚಲಿಲ್ಲ. ಹಗ್ಗ ಕಟ್ಟುವ ಎರಕದ 316 ಕ್ಲೀಟಿಗೆ ಹಿಡಿದರೆ ಅದು ತುಸು ಎಳೆಯಿತು! ಎರಕದ ಮಾಲಿನಲ್ಲಿ ಹಾಗಾಗುವುದುಂಟು, ಮಾಲು ಒಳ್ಳೆಯದೇ. ಮ್ಯಾಗ್ನೆಟ್ ಕಚ್ಚದಿದ್ದರೆ ಒಳ್ಳೆಯ ಸ್ಟೀಲ್ ಎಂದು ನಮ್ಮ ಬೋಟಿನ ತಾಂಡೇಲರು ನಂಬಿಕೊಂಡ ಪರೀಕ್ಷೆಯ ಬೆಲೆ ಇಷ್ಟೇ.

ವ್ಯತ್ಯಾಸ ಇರುವುದು ಮಾಲಿಬ್ಡಿನಂನಲ್ಲಿ. 304ರಲ್ಲಿ ಕ್ರೋಮಿಯಂ ಶೇ. 18, ನಿಕ್ಕಲ್ ಶೇ. 8ರಷ್ಟು. 316ರಲ್ಲಿ ಶೇ. 2ರಿಂದ 3 ಮಾಲಿಬ್ಡಿನಂ ಬೇರೆ ಇರುತ್ತದೆ. ಉಪ್ಪುನೀರು ಸ್ಟೀಲಿನ ಮೈಯಲ್ಲಿ ಸೂಜಿಮೊನೆಯಷ್ಟು ತೂತು ಕೊರೆಯದಂತೆ ತಡೆಯುವುದು ಅದೇ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಲು ಮ್ಯಾಂಗನೀಸ್ ಸೇರಿಸಿರುತ್ತಾರೆ. ಅಡುಗೆಮನೆಗೆ ಸರಿ, ಕಡಲಿಗಲ್ಲ. ಪರೀಕ್ಷೆಗೆಂದೇ ಇರುವ ದ್ರಾವಣದ ಒಂದು ಹನಿ, ಸಣ್ಣ ಬ್ಯಾಟರಿ ಇದ್ದರೆ ಮಾಲಿಬ್ಡಿನಂ ಇದೆಯೋ ಇಲ್ಲವೋ ಬಣ್ಣದಲ್ಲೇ ಗೊತ್ತಾಗುತ್ತದೆ. ಬೋಲ್ಟಾದರೆ ತಲೆ ನೋಡು: ಎ4 ಎಂದಿದ್ದರೆ 316ರ ಜಾತಿ, ಎ2 ಎಂದಿದ್ದರೆ 304ರದ್ದು. ಏನೂ ಬರೆಯದ ಬೋಳುತಲೆಯ ಬೋಲ್ಟಿಗೆ ಕಾಸು ಕೊಡಬೇಡ.

ಸಂಜೆ ಬೋಳ್ಗಾಟ್ಟಿಯ ಮರೀನಾ ನೋಡಿ ಬಂದೆ. ಶ್ರೀಮಂತರ ವಿಹಾರದೋಣಿಗಳು. ಅದರಲ್ಲೊಂದರ ಕಂಬಿಯ ಬುಡದಲ್ಲಿ, ವೆಲ್ಡಿಂಗಿನ ಸುತ್ತ, ಚಹಾ ಚೆಲ್ಲಿದಂಥ ಕಂದು ಕಲೆ. ವೆಲ್ಡ್ ಮಾಡಿದ ಮೇಲೆ ಉಳಿಯುವ ನೀಲಿ ಸುಟ್ಟಬಣ್ಣವನ್ನು ಆಸಿಡ್ ಪೇಸ್ಟ್ ಹಚ್ಚಿ ತೆಗೆಯದಿದ್ದರೆ 316 ಕೂಡ ಕೆಡಲು ಶುರುವಾಗುವುದು ಅಲ್ಲೇ.

ಮೇಲಿನ ಕಲೆ ಉಜ್ಜಿದರೆ ಹೋದೀತು. ನನಗೆ ಭಯ ಕಣ್ಣಿಗೆ ಬೀಳದ ಜಾಗದ್ದು. ಸ್ಟೀಲನ್ನು ಕಾಯುವ ತೆಳುಪೊರೆ ಉಳಿಯಲು ಆಮ್ಲಜನಕ ಬೇಕು. ಡೆಕ್ಕಿನ ಹಲಗೆಯೊಳಗೆ ಉಪ್ಪುನೀರಲ್ಲಿ ನೆನೆದ ಬೋಲ್ಟಿಗೆ ಅದು ಸಿಗುವುದಿಲ್ಲ. ಮೇಲೆ ತಲೆ ಫಳಫಳ, ಒಳಗೆ ಕುತ್ತಿಗೆ ಸವೆದು ಹೋಗಿರುತ್ತದೆ.

ವೆಲ್ಡ್ ಮಾಡಿಸುವ ಸಾಮಾನಿಗೆಲ್ಲ 316ಎಲ್ ಹೇಳಿದ್ದೇನೆ, ಅದರಲ್ಲಿ ಇಂಗಾಲ ಕಮ್ಮಿ, ವೆಲ್ಡಿನ ಸುತ್ತ ಬೇಗ ಕೆಡುವುದಿಲ್ಲ. ದರ ಜಾಸ್ತಿ ಎಂದು ಗೊಣಗಬೇಡ. ಬಿಲ್ಲಿನಲ್ಲಿ ಗ್ರೇಡ್ ಬರೆದು ಟೆಸ್ಟ್ ಸರ್ಟಿಫಿಕೇಟ್ ಕೊಟ್ಟ ಮೇಲೆಯೇ ಹಣ ಕೊಡುತ್ತೇನೆ. ನೀರಿನಡಿಯ ವಾಲ್ವ್ ಗನ್‌ಮೆಟಲ್ಲಿನದೇ ಇರಲಿ. ಆಗಸ್ಟ್ 1ಕ್ಕೆ ಬೋಟು ಹೊರಡುವ ಮೊದಲು ವಿಂಚಿನ ಬುಡದ ಒಂದೆರಡು ಬೋಲ್ಟಾದರೂ ಬಿಚ್ಚಿಸಿ ನೋಡು. ಅಮ್ಮನಿಗೆ, ಅತ್ತಿಗೆಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ