ನೆರೆಯವರ ಹಬ್ಬದಲ್ಲಿ ನಮ್ಮ ನೆನಪು

ಒಂದು ಸಮುದಾಯದ ಅಂತರಂಗವನ್ನು ಅರಿಯಬೇಕಾದರೆ ಅದರ ಹಬ್ಬವನ್ನು ನೋಡಬೇಕು. ಆ ದಿನ ಅದು ಯಾರನ್ನು ನೆನೆಯುತ್ತದೆ, ಯಾರಿಗೆ ಉಣಬಡಿಸುತ್ತದೆ, ಯಾರನ್ನು ಹೊಸ್ತಿಲಾಚೆ ನಿಲ್ಲಿಸುತ್ತದೆ ಎಂಬುದರಲ್ಲಿ ಅದರ ಸ್ವಭಾವವೆಲ್ಲ ಅಡಗಿರುತ್ತದೆ. ಸ್ವಂತ ಊರಿನಲ್ಲಿರುವಾಗ ನಾವು ಇದನ್ನು ಗಮನಿಸುವುದಿಲ್ಲ. ನಮ್ಮ ಹಬ್ಬವೂ ನೆರೆಯವರ ಹಬ್ಬವೂ ನಮಗೆ ಅಷ್ಟೊಂದು ರೂಢಿಯಾಗಿರುತ್ತವೆ. ಆದರೆ ಈದ್ ಎಂಬ ಪದವನ್ನೇ ಕೇಳಿರದ ಜನರ ನಡುವೆ ಸಂಸಾರ ಹೂಡಿದಾಗ ಪ್ರತಿಯೊಂದು ಹಬ್ಬವೂ ಒಂದು ಪ್ರಶ್ನೆಯಾಗಿ ಎದುರು ನಿಲ್ಲುತ್ತದೆ. ಇದರಲ್ಲಿ ನಾನೆಷ್ಟು ಸೇರಬಹುದು? ಎಲ್ಲಿ ನಿಲ್ಲಬೇಕು? ನನ್ನ ಮಕ್ಕಳಿಗೆ ಏನೆಂದು ಹೇಳಬೇಕು?

ಉದ್ಯೋಗದ ನಿಮಿತ್ತ ನಾಲ್ಕು ವರ್ಷ ನಾನು ಬ್ರೆಝಿಲ್‌ನ ಬಹಿಯಾ ರಾಜ್ಯದ ಸಾಲ್ವಡೋರ್ ನಗರದಲ್ಲಿದ್ದೆ. 1549ರಿಂದ 1763ರ ತನಕ ಬ್ರೆಝಿಲ್‌ನ ರಾಜಧಾನಿಯಾಗಿದ್ದ ಊರು ಅದು. ಆಫ್ರಿಕಾದಿಂದ ಸೆರೆಹಿಡಿದು ತಂದ ಲಕ್ಷಾಂತರ ಗುಲಾಮರು ಬಂದಿಳಿದ ಬಂದರೂ ಹೌದು. ಮಂಗಳೂರು ಸಮಭಾಜಕ ವೃತ್ತದಿಂದ ಉತ್ತರಕ್ಕೆ ಎಷ್ಟು ದೂರವಿದೆಯೋ ಸಾಲ್ವಡೋರ್ ದಕ್ಷಿಣಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿದೆ, ಸುಮಾರು 13 ಡಿಗ್ರಿ. ಆದ್ದರಿಂದ ಅಲ್ಲಿನ ತೆಂಗು, ಮಾವು, ಹಲಸುಗಳನ್ನು ಕಂಡಾಗ ಕರಾವಳಿಯವನಾದ ನನಗೆ ಊರು ಬಿಟ್ಟ ಅನುಭವವೇ ಆಗಲಿಲ್ಲ. ಬೀದಿ ಬದಿಯಲ್ಲಿ ಬಿಳಿಯುಡುಗೆಯ ಹೆಂಗಸರು ಅಲಸಂದೆ ಕಾಳನ್ನು ನೆನೆಸಿ, ಸಿಪ್ಪೆ ತೆಗೆದು, ಈರುಳ್ಳಿಯೊಂದಿಗೆ ರುಬ್ಬಿ, ಕೆಂಪು ತಾಳೆ ಎಣ್ಣೆಯಲ್ಲಿ ಕರಿದು ಕೊಡುವ ‘ಅಕರಾಜೆ’ಯನ್ನು ನೋಡಿ ನನ್ನ ಮಕ್ಕಳು ಅದಕ್ಕೆ ವಡೆ ಎಂದೇ ಹೆಸರಿಟ್ಟಿದ್ದರು.

ಅಲ್ಲಿನ ಹಬ್ಬಗಳ ಸಾಲು ಜನವರಿಯಿಂದಲೇ ಆರಂಭವಾಗುತ್ತದೆ. ಆ ತಿಂಗಳ ಒಂದು ಗುರುವಾರ ಬೊನ್‌ಫಿಂ ಗುಡ್ಡದ ಮೇಲಿನ ಚರ್ಚಿನ ಮೆಟ್ಟಿಲುಗಳನ್ನು ತೊಳೆಯುವ ಉತ್ಸವ ನಡೆಯುತ್ತದೆ. ಬಂದರಿನ ಬಳಿಯ ಚರ್ಚಿನಿಂದ ಸುಮಾರು 8 ಕಿಲೋಮೀಟರ್ ದೂರ ಜನಸಾಗರ ನಡೆದು ಬರುತ್ತದೆ. ಎಲ್ಲರೂ ಬಿಳಿಯನ್ನೇ ಉಟ್ಟಿರುತ್ತಾರೆ. ಹಿರಿಯ ಹೆಂಗಸರು ತಲೆಯ ಮೇಲೆ ಹೊತ್ತು ತಂದ ಪರಿಮಳದ ನೀರನ್ನು ಮೆಟ್ಟಿಲುಗಳ ಮೇಲೆ ಸುರಿದು ತೊಳೆಯುತ್ತಾರೆ. ಹಿಂದೆ ಗುಲಾಮರು ಹಬ್ಬಕ್ಕಾಗಿ ಚರ್ಚಿನ ಒಳಗನ್ನೂ ತೊಳೆಯುತ್ತಿದ್ದರು. ಆ ಸೇವೆ ಅವರದೇ ಹಬ್ಬವಾಗಿ ಮಾರ್ಪಟ್ಟಾಗ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚರ್ಚು ಒಳಗೆ ತೊಳೆಯುವುದನ್ನು ನಿಷೇಧಿಸಿತು. ಅವರು ಬಿಡಲಿಲ್ಲ. ಮುಚ್ಚಿದ ಬಾಗಿಲಿನ ಮುಂದೆ ಮೆಟ್ಟಿಲನ್ನೇ ತೊಳೆದರು.

ಕ್ಯಾಥೊಲಿಕರ ಪಾಲಿಗೆ ಅದು ಏಸುವಿನ ಉತ್ಸವ. ಆಫ್ರಿಕಾ ಮೂಲದ ಕಂದೊಂಬ್ಲೆ ಧರ್ಮದವರ ಪಾಲಿಗೆ ಒಷಾಲಾ ಎಂಬ ಅವರ ದೇವತೆಯ ಉತ್ಸವ. ಇದೇ ಒಷಾಲಾನ ಗೌರವಕ್ಕಾಗಿ ಸಾಲ್ವಡೋರಿನ ಬಹಳಷ್ಟು ಜನ ಶುಕ್ರವಾರದಂದು ಬಿಳಿ ಬಟ್ಟೆ ಧರಿಸುತ್ತಾರೆ. ಮೊದಲ ಶುಕ್ರವಾರ ಬಿಳಿ ಜುಬ್ಬಾ ತೊಟ್ಟು ಜುಮುಅ ನಮಾಝಿಗೆ ಹೊರಟಾಗ ಬಸ್ಸಿನ ತುಂಬ ಬಿಳಿಯುಡುಗೆಯವರನ್ನು ಕಂಡು ನಾನು ಬೆರಗಾಗಿದ್ದೆ. ಅವರ ಆರಾಧನೆಗೂ ನನ್ನ ಆರಾಧನೆಗೂ ಸಂಬಂಧವಿರಲಿಲ್ಲ. ಆದರೂ ಆ ದಿನ ಬಸ್ಸಿನಲ್ಲಿ ನನ್ನನ್ನು ಯಾರೂ ಅಪರಿಚಿತನಂತೆ ದಿಟ್ಟಿಸಲಿಲ್ಲ.

ಇದಾದ ಕೆಲವು ವಾರಗಳಲ್ಲಿ ಕಾರ್ನಿವಲ್ ಬರುತ್ತದೆ. ಬ್ರೆಝಿಲ್ ಎಂದರೆ ನಮ್ಮವರ ಕಣ್ಣ ಮುಂದೆ ಮೊದಲು ಬರುವುದು ಅದರ ಚಿತ್ರವೇ. ಮದ್ಯದ ಹೊಳೆ, ಅರೆನಗ್ನತೆ, ಲಜ್ಜೆಯ ಎಲ್ಲೆ ಮೀರಿದ ಕುಣಿತ ಅಲ್ಲಿ ಇರುವುದು ನಿಜ. ಆ ದಿನಗಳಲ್ಲಿ ನಮ್ಮ ಕುಟುಂಬವು ಮುಖ್ಯರಸ್ತೆಗಳಿಂದ ದೂರವೇ ಇರುತ್ತಿತ್ತು. ಆದರೆ ಅದರ ಒಂದು ಸಂಗತಿ ನನ್ನನ್ನು ಬಿಡದೆ ಕಾಡಿತು. 1950ರಲ್ಲಿ ಇಬ್ಬರು ಸಂಗೀತಗಾರರು ಹಳೆಯ ಫೋರ್ಡ್ ಕಾರಿನ ಮೇಲೇರಿ ನುಡಿಸುತ್ತಾ ಬೀದಿಗಿಳಿದುದು ಇಂದು ಬೃಹತ್ ಲಾರಿಗಳ ಮೇಲಿನ ಸಂಗೀತ ಮೆರವಣಿಗೆಯಾಗಿದೆ. ಅನೇಕ ಮೆರವಣಿಗೆಗಳಲ್ಲಿ ಲಾರಿಯ ಸುತ್ತಲೂ ಉದ್ದವಾದ ಹಗ್ಗವನ್ನು ಹಿಡಿದಿರುತ್ತಾರೆ. ದುಬಾರಿ ಬೆಲೆ ತೆತ್ತು ಒಂದು ಅಂಗಿಯನ್ನು ಕೊಂಡವರು ಹಗ್ಗದೊಳಗೆ. ಉಳಿದವರು ಹೊರಗೆ. ಹೊರಗಿನವರಿಗೆ ಅಲ್ಲಿನ ಭಾಷೆಯಲ್ಲಿ ‘ಪಾಪ್‌ಕಾರ್ನ್’ ಎಂದು ಹೆಸರು. ಹಗ್ಗವನ್ನು ಹಿಡಿದು ನಡೆಯುವವರು ಬಡ ಕೂಲಿಕಾರರು, ಬಹುತೇಕ ಕಪ್ಪುವರ್ಣದವರು. ಒಳಗೆ ಹೋಗಲು ಬೇಕಾದ ಆ ಅಂಗಿಗೆ ‘ಅಬಡಾ’ ಎನ್ನುತ್ತಾರೆ.

ಈ ಅಬಡಾ ಎಂಬ ಪದವನ್ನು ಬೆನ್ನಟ್ಟಿ ಹೋದಾಗ ನನಗೆ ನಮ್ಮವರೇ ಸಿಕ್ಕಿದರು.

ಪಶ್ಚಿಮ ಆಫ್ರಿಕಾದ ಯೊರುಬಾ ಭಾಷೆಯಲ್ಲಿ ಮುಸ್ಲಿಮನಿಗೆ ‘ಇಮಾಲೆ’ ಎನ್ನುತ್ತಾರೆ. ಬಹಿಯಾದಲ್ಲಿ ಅದು ‘ಮಲೇ’ ಆಯಿತು. ಗುಲಾಮರಾಗಿ ಮಾರಲ್ಪಟ್ಟ ಈ ಮುಸ್ಲಿಮರಲ್ಲಿ ಅರಬಿ ಓದು ಬರಹ ಬಲ್ಲವರಿದ್ದರು. ದಿನವಿಡೀ ದುಡಿದು ರಾತ್ರಿ ಗುಟ್ಟಾಗಿ ಒಬ್ಬರಿಗೊಬ್ಬರು ಕುರ್‌ಆನ್ ಕಲಿಸುತ್ತಿದ್ದರು. ಅವರು ಪ್ರಾರ್ಥನೆಯ ವೇಳೆ ಧರಿಸುತ್ತಿದ್ದ ಬಿಳಿಯ ನಿಲುವಂಗಿಯ ಹೆಸರೇ ಅಬಡಾ. ಬೀದಿಯಲ್ಲಿ ಧರಿಸಿದರೆ ಅಧಿಕಾರಿಗಳ ಕಣ್ಣಿಗೆ ಬೀಳುವ ಭಯದಿಂದ ಅದನ್ನು ಮನೆಯೊಳಗಷ್ಟೇ ಉಡುತ್ತಿದ್ದರೆಂದು ಇತಿಹಾಸಕಾರ ಜೊವಾವೊ ಜೋಸೆ ರೇಯಿಸ್ ದಾಖಲಿಸಿದ್ದಾರೆ.

ಅವರಿಗೂ ಹಬ್ಬಗಳಿದ್ದವು. ವಿಟೋರಿಯಾ ಎಂಬ ಬಡಾವಣೆಯಲ್ಲಿ ಇಂಗ್ಲಿಷ್ ವ್ಯಾಪಾರಿಯೊಬ್ಬನ ಹಿತ್ತಲಿನಲ್ಲಿ ಅವರು ಒಂದು ಗುಡಿಸಲು ಕಟ್ಟಿಕೊಂಡಿದ್ದರು. ಸೇರಲು, ಕಲಿಯಲು, ಪ್ರಾರ್ಥಿಸಲು, ಕೂಡಿ ಉಣ್ಣಲು ಅದೇ ಅವರ ತಾಣ. 1834ರ ನವೆಂಬರ್‌ನಲ್ಲಿ ಅವರು ಅಲ್ಲಿ ಹಬ್ಬಕ್ಕೆಂದು ಸೇರಿದರು. ಅದು ಮಿಅರಾಜ್‌ನ ಆಚರಣೆಯೆಂದು ರೇಯಿಸ್ ಗುರುತಿಸುತ್ತಾರೆ. ಬಡಾವಣೆಯ ಅಧಿಕಾರಿ ಬಂದು ಅವರನ್ನು ಚದುರಿಸಿದ. ಆ ಬಳಿಕ ಗುಡಿಸಲನ್ನೇ ಕೆಡವಲಾಯಿತು.

ಎರಡು ತಿಂಗಳೊಳಗೆ, 1835ರ ಜನವರಿ 25ರಂದು, ರಮಝಾನಿನ ಕೊನೆಯ ದಿನಗಳಲ್ಲಿ ಸಾಲ್ವಡೋರಿನಲ್ಲಿ ದಂಗೆ ಎದ್ದಿತು. ಅಂದು ಭಾನುವಾರ. ಬೊನ್‌ಫಿಂನಲ್ಲಿ ಉತ್ಸವವಿತ್ತು, ಜನ ಅತ್ತ ಹೋಗಿರುತ್ತಾರೆಂಬ ಲೆಕ್ಕಾಚಾರದಲ್ಲಿ ಆ ದಿನವನ್ನು ಆರಿಸಿಕೊಂಡಿದ್ದರು. ಗುಟ್ಟು ರಟ್ಟಾಗಿ, ನಿಗದಿತ ವೇಳೆಗೆ ಮುನ್ನವೇ ಹೋರಾಟ ಆರಂಭವಾಯಿತು. ಸುಮಾರು 600 ಮಂದಿ ಪಾಲ್ಗೊಂಡರು, 70ಕ್ಕೂ ಹೆಚ್ಚು ಮಂದಿ ಬೀದಿಗಳಲ್ಲಿ ಪ್ರಾಣ ತೆತ್ತರು. ಬಿಳಿಯ ಅಬಡಾಗಳು ರಕ್ತದಲ್ಲಿ ತೊಯ್ದವು. ಅದೇ ವರ್ಷದ ಮೇ 14ರಂದು ನಾಲ್ವರನ್ನು ಗುಂಡಿಟ್ಟು ಕೊಲ್ಲಲಾಯಿತು. ಅನೇಕರಿಗೆ ನೂರಾರು ಛಡಿಯೇಟಿನ ಶಿಕ್ಷೆ, ಇನ್ನನೇಕರಿಗೆ ಗಡೀಪಾರು. ಅವರಿಂದ ವಶಪಡಿಸಿಕೊಂಡ ಅರಬಿ ಬರಹಗಳ ಹಾಳೆಗಳು ಇಂದಿಗೂ ಬಹಿಯಾದ ಸರಕಾರಿ ದಾಖಲೆ ಭಂಡಾರದಲ್ಲಿವೆ. 1866ರಲ್ಲಿ ಉಸ್ಮಾನಿಯಾ ಹಡಗಿನಲ್ಲಿ ಬ್ರೆಝಿಲ್‌ಗೆ ಬಂದ ವಿದ್ವಾಂಸ ಅಬ್ದುರ್ರಹ್ಮಾನ್ ಅಲ್ ಬಗ್ದಾದಿಯವರು ಕೆಲವು ವರ್ಷ ಅಲ್ಲಿಯೇ ನಿಂತು ಆಫ್ರಿಕಾದ ಮುಸ್ಲಿಮರಿಗೆ ಧರ್ಮ ಬೋಧಿಸಿದರು. ಅವರು ಕಂಡದ್ದು ತಮ್ಮ ವಿಶ್ವಾಸವನ್ನು ಬಚ್ಚಿಟ್ಟು ಬದುಕುತ್ತಿದ್ದವರನ್ನು. ಗುಲಾಮಗಿರಿ ರದ್ದಾದುದು 1888ರಲ್ಲಿ. ಅಷ್ಟರೊಳಗೆ ಆ ಪರಂಪರೆ ಬಹುತೇಕ ಬತ್ತಿಹೋಗಿತ್ತು.

ಅಡಗಿ ಪ್ರಾರ್ಥಿಸಿದವರ ಉಡುಪಿನ ಹೆಸರು ಇಂದು ಹಗ್ಗದೊಳಗೆ ಹೋಗುವ ದುಬಾರಿ ಟಿಕೇಟಿನ ಹೆಸರಾಗಿದೆ. ಇದನ್ನು ತಿಳಿದ ದಿನ ನನ್ನ ಮನಸ್ಸು ಕಹಿಯಾಯಿತು. ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. 1979ರಲ್ಲಿ ನಗರದಂಚಿನ ಇಟಪುವಾ ಬಡಾವಣೆಯ ಕಪ್ಪುವರ್ಣದ ಯುವಕರು ಕಾರ್ನಿವಲ್‌ಗಾಗಿ ಒಂದು ತಂಡ ಕಟ್ಟಿದಾಗ ಅದಕ್ಕೆ ‘ಮಲೇ ದೆಬಾಲೆ’ ಎಂದು ಹೆಸರಿಟ್ಟರು. 1835ರ ಮಲೇಗಳ ಗೌರವಾರ್ಥ ಇಟ್ಟ ಹೆಸರು ಅದು. ಮುಸ್ಲಿಮರ ಸಂಘಟನೆಯಲ್ಲದ ಈ ತಂಡ ನಾಲ್ಕು ದಶಕಗಳಿಂದ ಆ ಹೆಸರನ್ನು ನಗರದ ಬೀದಿಗಳಲ್ಲಿ ಹೊತ್ತು ನಡೆದಿದೆ. ಅವರ ಕುಣಿತ ನನ್ನ ದಾರಿಯಲ್ಲ. ಆದರೆ ಲೋಕದ ಮುಸ್ಲಿಮರಲ್ಲಿ ಹೆಚ್ಚಿನವರು ಮಲೇಗಳ ಹೆಸರನ್ನೇ ಕೇಳಿಲ್ಲದಿರುವಾಗ ಅವರನ್ನು ನೆನಪಿಟ್ಟವರು ಇವರು ಎಂಬ ಸತ್ಯವನ್ನು ನಾನು ಹೇಗೆ ಕಡೆಗಣಿಸಲಿ? ಆ ಬಳಿಕ ಅಲ್ಲಿನ ಯಾವ ಹಬ್ಬವನ್ನೂ ಒಂದೇ ಮಾತಿನಲ್ಲಿ ತಳ್ಳಿಹಾಕಲು ನನಗೆ ಸಾಧ್ಯವಾಗಲಿಲ್ಲ.

ಜೂನ್ 24 ಸಾವೊ ಜೊವಾವೊ ಹಬ್ಬ. ಜನ ನಗರ ತೊರೆದು ಹಳ್ಳಿಗಳಿಗೆ ಹೋಗುತ್ತಾರೆ, ನಮ್ಮಲ್ಲಿ ಹಬ್ಬಕ್ಕೆ ಊರಿಗೆ ಹೋಗುವಂತೆಯೇ. ಮನೆಗಳ ಮುಂದೆ ಬೆಂಕಿ ಹೊತ್ತಿಸುತ್ತಾರೆ, ಜೋಳದ ಸುಗ್ಗಿಯ ಕಾಲವಾದ್ದರಿಂದ ಬೇಯಿಸಿದ ಮುಸುಕಿನ ಜೋಳ, ಜೋಳದೆಲೆಯಲ್ಲಿ ಸುತ್ತಿ ಬೇಯಿಸಿದ ‘ಪಮೋನ್ಯ’ ಎಂಬ ಕಡುಬು, ಬೇಯಿಸಿದ ನೆಲಗಡಲೆ ಹಂಚುತ್ತಾರೆ. ಸಾವೊ ಜೊವಾವೊ ಎಂದರೆ ಯಾರೆಂದು ಮಗ ಕೇಳಿದ. ಅವರು ನಮ್ಮ ಪ್ರವಾದಿ ಯಹ್ಯಾ(ಅ), ಪ್ರವಾದಿ ಝಕರಿಯ್ಯಾ(ಅ)ರ ಮಗ ಎಂದಾಗ ಅವನ ಕಣ್ಣರಳಿತು. ವೃದ್ಧ ತಂದೆ ಮೆಲುದನಿಯಲ್ಲಿ ಮಾಡಿದ ಪ್ರಾರ್ಥನೆಯನ್ನೂ ಬಂಜೆಯಾಗಿದ್ದ ತಾಯಿಗೆ ಮಗು ಹುಟ್ಟಿದುದನ್ನೂ ನಾನು ಅವನಿಗೆ ಸೂರಃ ಮರ್ಯಮ್‌ನಿಂದ ವಿವರಿಸಿದೆ. ಮಗು ಹುಟ್ಟಿದ ಸುದ್ದಿಯನ್ನು ಮರ್ಯಮ್‌ರಿಗೆ ತಿಳಿಸಲು ತಾಯಿ ಬೆಂಕಿ ಹೊತ್ತಿಸಿದರೆಂಬುದು ಅಲ್ಲಿನವರ ಜನಪದ ನಂಬಿಕೆ. ಆ ಕತೆ ನಮ್ಮಲ್ಲಿಲ್ಲ ಎಂಬುದನ್ನೂ ಹೇಳಿದೆ. ಎರಡನ್ನೂ ತಿಳಿದುಕೊಂಡೇ ಅವನು ನೆರೆಮನೆಯ ನೆಲಗಡಲೆ ತಿಂದ.

ನಿಜವಾದ ಪರೀಕ್ಷೆ ಎದುರಾದುದು ಸೆಪ್ಟೆಂಬರ್‌ನಲ್ಲಿ. ಆ ತಿಂಗಳ 27ರಂದು ಅವಳಿ ಸಂತರಾದ ಕಾಸ್ಮೆ ಮತ್ತು ದಾಮಿಯಾನರ ಹೆಸರಿನಲ್ಲಿ ಮನೆಮನೆಗಳಲ್ಲಿ ಬೆಂಡೆಕಾಯಿಯ ‘ಕರುರು’ ಎಂಬ ಅಡುಗೆ ಮಾಡುತ್ತಾರೆ. ಮೊದಲು ಏಳು ಮಕ್ಕಳನ್ನು ನೆಲದ ಮೇಲೆ ಕೂರಿಸಿ ಉಣಬಡಿಸುತ್ತಾರೆ. ಮಕ್ಕಳು ಕೈಯಲ್ಲೇ ತಿನ್ನುತ್ತಾರೆ. ಕೆಳಮನೆಯ ವೃದ್ಧೆ ಬಂದು ಏಳರಲ್ಲಿ ಒಬ್ಬನಾಗಿ ನನ್ನ ಮಗನನ್ನು ಕರೆದರು. ಅದು ಪ್ರೀತಿಯ ಕರೆ. ಆದರೆ ಆ ಅನ್ನವು ಮೊದಲು ಸಂತರಿಗೆ ಅರ್ಪಿತವಾಗುತ್ತಿತ್ತು. ಸುಳ್ಳು ನೆಪ ಹೇಳಿ ತಪ್ಪಿಸಿಕೊಳ್ಳುವುದು ಸುಲಭವಿತ್ತು. ನಾನೂ ಪತ್ನಿಯೂ ಹೋಗಿ ಅವರ ಎದುರು ಕುಳಿತು ಇದ್ದುದನ್ನು ಇದ್ದಂತೆ ಹೇಳಿದೆವು: “ನಿಮ್ಮ ಮಕ್ಕಳಂತೆ ನಮ್ಮ ಮಗನನ್ನೂ ಕಂಡಿರಿ, ಅದಕ್ಕೆ ನಾವು ಋಣಿಗಳು. ಆದರೆ ಅಲ್ಲಾಹನ ಹೊರತು ಇನ್ನಾರಿಗೂ ಅರ್ಪಿಸಿದ ಆಹಾರವನ್ನು ನಾವು ಉಣ್ಣುವುದಿಲ್ಲ.” ಅವರು ಕೆಲಹೊತ್ತು ಮೌನವಾಗಿದ್ದರು. ನಂತರ, “ಹಾಗಾದರೆ ಅವನು ಆಟಕ್ಕೆ ಬರಲಿ” ಎಂದರು. ಅಂದು ಸಂಜೆ ಮಗ ಅಂಗಳದಲ್ಲಿ ಆ ಮಕ್ಕಳೊಂದಿಗೆ ಆಡಿದ. ಅವನಿಗೆಂದು ಆಕೆ ಬೇರೆಯಾಗಿ ಬಾಳೆಹಣ್ಣು ತೆಗೆದಿಟ್ಟಿದ್ದರು.

ಮುಂದಿನ ಈದುಲ್ ಫಿತ್ರ್‌ಗೆ ನಾವು ಅವರನ್ನು ಕರೆದೆವು. ಅಲ್ಲಿ ಈದ್‌ಗೆ ರಜೆಯಿಲ್ಲ, ಬೀದಿಯಲ್ಲಿ ತಕ್ಬೀರ್ ಮೊಳಗುವುದಿಲ್ಲ. ಊರಿನ ಪುಟ್ಟ ಮಸೀದಿಯಲ್ಲಿ ನಮಾಝ್ ಮುಗಿಸಿ ಬಂದರೆ ಹಬ್ಬವೇ ಮುಗಿದಂತೆ. ಮಕ್ಕಳು ಮಂಕಾಗಿದ್ದರು. ಅಷ್ಟರಲ್ಲಿ ಆಕೆ ಬಿಳಿಯುಡುಗೆ ತೊಟ್ಟು, ಮೊಮ್ಮಕ್ಕಳನ್ನು ಕರೆದುಕೊಂಡು ಬಾಗಿಲಲ್ಲಿ ನಿಂತರು. ತಟ್ಟೆ ಮುಂದಿಟ್ಟಾಗ ಆಕೆ ಕೇಳಿದ ಮೊದಲ ಪ್ರಶ್ನೆ, “ಇದನ್ನು ಯಾರಿಗೆ ಅರ್ಪಿಸಿದ್ದೀರಿ?” ಯಾರಿಗೂ ಅರ್ಪಿಸಿಲ್ಲ, ಅಲ್ಲಾಹನಿಗೆ ಕೃತಜ್ಞತೆ ಸಲ್ಲಿಸಿ ನೇರವಾಗಿ ಅತಿಥಿಗಳಿಗೆ ಬಡಿಸುತ್ತೇವೆ, ಅದಕ್ಕೂ ಮುನ್ನ ಬಡವರ ಪಾಲಾದ ಫಿತ್ರ್ ಝಕಾತನ್ನು ಕೊಟ್ಟು ಮುಗಿಸಿರಬೇಕು ಎಂದು ಪತ್ನಿ ವಿವರಿಸಿದಳು. ಆಕೆ ತಲೆಯಾಡಿಸಿ ಉಂಡರು. ನಾವು ಸೆಪ್ಟೆಂಬರ್‌ನಲ್ಲಿ ನೆಪ ಹೇಳಿದ್ದರೆ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಆ ಉತ್ತರಕ್ಕೂ ಅವಕಾಶವಿರುತ್ತಿರಲಿಲ್ಲ.

ಇಂದು ನಮ್ಮ ಕರಾವಳಿಯಲ್ಲೂ ಹಬ್ಬಗಳ ಸುತ್ತ ಹಗ್ಗ ಬಿಗಿಯಾಗುತ್ತಿದೆ. ಜಾತ್ರೆಯಲ್ಲಿ ಇಂಥವರು ಅಂಗಡಿ ಇಡಬಾರದೆಂಬ ಫಲಕಗಳನ್ನು ನಾವು ನೋಡಿದ್ದೇವೆ. ನೆರೆಯವರು ಪ್ರೀತಿಯಿಂದ ಕಳುಹಿಸಿದ ತಟ್ಟೆಯನ್ನು ಒಂದು ಮಾತಿನ ವಿವರಣೆಯೂ ಇಲ್ಲದೆ ಹಿಂತಿರುಗಿಸುವವರು ನಮ್ಮಲ್ಲೂ ಇದ್ದಾರೆ. ಏಕದೇವ ವಿಶ್ವಾಸದ ಗೆರೆ ಸ್ಪಷ್ಟವಾಗಿಯೇ ಇರಬೇಕು. ಆದರೆ ಆ ಗೆರೆಯನ್ನು ನೆರೆಯವರ ಕಣ್ಣಲ್ಲಿ ಕಣ್ಣಿಟ್ಟು, ಅವರ ಕೈಹಿಡಿದು ವಿವರಿಸುವವನಿಗೆ ಮಾತ್ರ ಅದು ಗೆರೆಯಾಗಿ ಉಳಿಯುತ್ತದೆ. ಮುಖ ತಿರುಗಿಸುವವನ ಪಾಲಿಗೆ ಅದು ಗೋಡೆಯಾಗುತ್ತದೆ. ಮಾನವರನ್ನು ಬುಡಕಟ್ಟುಗಳಾಗಿ, ಜನಾಂಗಗಳಾಗಿ ಮಾಡಿರುವುದು ಪರಸ್ಪರ ಅರಿಯುವುದಕ್ಕೆಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸಿದೆ.

ಸಾಲ್ವಡೋರಿನಲ್ಲಿ ಕಿಬ್ಲಾ ಪೂರ್ವದತ್ತ, ತುಸು ಉತ್ತರಕ್ಕೆ. ಊರಿನಲ್ಲಿದ್ದಂತೆ ಅಲ್ಲಿಯೂ ನಮಾಝಿಗೆ ನಿಂತಾಗ ಮುಂದೆ ಕಡಲಿತ್ತು. ಮಲೇಗಳನ್ನು ಹೊತ್ತು ತಂದ ಕಡಲು ಅದು. ತಮ್ಮ ಹಬ್ಬದ ಗುಡಿಸಲನ್ನು ಕಳೆದುಕೊಂಡ ಆ ಸಹೋದರರಿಗೆ ಅಲ್ಲಾಹನು ಉತ್ತಮ ಪ್ರತಿಫಲ ನೀಡಲಿ. ಯಾರ ಹಬ್ಬದ ಗುಡಿಸಲನ್ನೂ ಕೆಡವದ, ಕೆಡವಲು ಬಿಡದ ಜನರಾಗಿ ನಮ್ಮನ್ನು ಬಾಳಿಸಲಿ. ಆಮೀನ್.