ಒಂದು ನೂಲಿನ ಸಂದು

ಅಪ್ಪ ನೆಟ್ಟಿದ್ದ ಹಲಸಿನ ಮರ ಗಾಳಿಗೆ ಉರುಳಿದಾಗ ಅದನ್ನು ಸೌದೆಗೆ ಕೊಡಲು ಮನಸ್ಸಾಗಲಿಲ್ಲ. ಹಲಗೆ ಕೊಯ್ಯಿಸಿ, 2 ವರ್ಷ ನೆರಳಲ್ಲಿ ಒಣಗಿಸಿ, ಪುಸ್ತಕದ ಬೀರು ಮಾಡಿಸಲು ಆಚಾರ್ರನ್ನು ಕರೆದೆ. ನನ್ನ ನಕ್ಷೆಯನ್ನು ಅವರು ಮಡಚಿ ಜೇಬಿಗಿಟ್ಟು, "ನಿಮ್ಮಲ್ಲಿರುವ ದೊಡ್ಡ ಪುಸ್ತಕ ತನ್ನಿ" ಎಂದರು. ಪುಸ್ತಕ ಅಳೆಯುವುದನ್ನೇ ನಾನು ಮರೆತಿದ್ದೆ!

ಜಗಳವಾದದ್ದು ಬಾಗಿಲಿಗೆ. ಎರಡು ಕದಗಳ ನಡುವೆ ಅವರು ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ, ಸಂದು ಬಿಡುವವರು. ನನಗೋ ಕೂದಲೂ ತೂರದಷ್ಟು ಬಿಗಿಯಾಗಬೇಕು. "ಮರ ಉದ್ದಕ್ಕೆ ಹಿಗ್ಗುವುದಿಲ್ಲ ಸ್ವಾಮಿ, ಅಗಲಕ್ಕೆ ಹಿಗ್ಗುತ್ತದೆ. ಮಲೆನಾಡಿನ ಮಳೆ ನೋಡಿದ್ದೀರಲ್ಲ" ಎಂದರು. ಕೂಲಿ ಕೊಡುವವನ ಗತ್ತು ನನ್ನದು. ಕೊನೆಗೆ ಮೇಲಿನ ಜೋಡಿ ನನ್ನಿಷ್ಟದಂತೆ, ಕೆಳಗಿನದು ಅವರಿಷ್ಟದಂತೆ ಆಯಿತು.

ಆಷಾಢದಲ್ಲಿ ಮೇಲಿನ ಕದಗಳು ಒಂದನ್ನೊಂದು ಕಚ್ಚಿಕೊಂಡವು. ಜಗ್ಗಿದೆ, ಹಿಡಿಯ ಬುಡದಲ್ಲಿ ಹಲಗೆ ಸೀಳಿತು. ಅಪ್ಪನ ಮರ! ಹೇಳಿಕಳಿಸಿದೆ. ಆಚಾರ್ರು ಬಂದು, ಹಂಗಿಸುವ ಒಂದು ಮಾತೂ ಆಡದೆ, ಸೀಳಿಗೆ ಅಂಟು ತುಂಬಿ, ಅಂಚಿಗೆ ಕೀಸುಳಿ ಆಡಿಸಿ, ಅಲ್ಲೂ ಒಂದು ನೂಲು ಸಂದು ಮಾಡಿಟ್ಟು ಹೋದರು.

ಅಂದಿನ ಹಳದಿ ಹಲಗೆ ಈಗ ಕೆಂಗಂದಾಗಿದೆ. ಸೀಳಿನ ಗೆರೆ ಮಾಸಿಲ್ಲ. ಬೇಸಿಗೆಯಲ್ಲಿ ಆ ಸಂದಿನಲ್ಲಿ ಉಗುರು ತೂರುತ್ತದೆ, ಮಳೆಗಾಲದಲ್ಲಿ ತೂರುವುದಿಲ್ಲ. ಉರುಳಿದ ಮೇಲೂ ಅಪ್ಪನ ಮರ ಮಳೆಯನ್ನು ಮರೆತಿಲ್ಲ.